ಬಿಳಿ ಲೋಹ, ಗುಲಾಬಿ ಉಪ್ಪು

ಮಾರ್ಚ್ ೩, ಮಂಗಳವಾರ

ದಿನಕ್ಕೊಂದು ಪುಟ ಬರೆಯಬೇಕಂತೆ. ನರಗಳ ಡಾಕ್ಟರ ಅಪ್ಪಣೆ.

"ಏನ್ ಬರೀಲಿ ಡಾಕ್ಟ್ರೇ?" ಎಂದು ಕೇಳಿದೆ.

"ಏನಾದ್ರೂ ಬರೀರಿ. ನಾನು ಓದಲ್ಲ. ಅಕ್ಷರ ಎಷ್ಟು ದಪ್ಪ ಇದೆ ಅಂತ ಅಷ್ಟೇ ನೋಡೋದು. ದಿನಾ ದಿನಾ ಚಿಕ್ಕದಾಗ್ತಾ ಹೋದ್ರೆ ಮಾತ್ರೆ ಬದಲಾಯಿಸ್ತೀನಿ" ಎಂದರು.

ಅರವತ್ತಮೂರಕ್ಕೆ ಕಾಪಿ ಬರೆಯುವ ಶಿಕ್ಷೆ. ಇರಲಿ. ಬಲಗೈ ನಡುಗುತ್ತದೆ. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡರೂ ನಡುಗುತ್ತದೆ, ನೆನೆದ ಬೆಕ್ಕಿನ ಮರಿಯ ಹಾಗೆ. ನಲವತ್ತು ವರ್ಷ ಇದೇ ಕೈಯಿಂದ ಉಂಗುರ, ಗಡಿಯಾರದ ಕವಚ, ಮಾಪಕದ ಮುಳ್ಳು ಎಲ್ಲದಕ್ಕೂ ರೋಡಿಯಂ ಎಂಬ ಬಿಳಿ ಲೋಹದ ಲೇಪ ಹಚ್ಚಿ ಬದುಕಿದವನು ನಾನು. ಈ ಊರಿನಲ್ಲಿ ಆ ಕೆಲಸ ಮಾಡುವವರು ಬೇರೆ ಯಾರೂ ಇಲ್ಲ. ಇನ್ನೊಬ್ಬನಿದ್ದ, ನನ್ನ ಮಗ. ಎಂಟು ತಿಂಗಳ ಹಿಂದೆ ಮನೆಯ ಹಿಂದಿನ ಈ ಕೆಲಸದ ಕೋಣೆಯ ಬಾಗಿಲಲ್ಲೇ ನಿಂತ ಹಾಗೇ ಕುಸಿದ. ಹೃದಯ ಎಂದರು. ಮೂವತ್ತಾರು ವಯಸ್ಸು.

ಮನೆಯಲ್ಲೀಗ ನಾವಿಬ್ಬರೇ, ನಾನು ಮತ್ತು ನನ್ನ ಮಗನ ಹೆಂಡತಿ. ನನ್ನವಳು ಹೋಗಿ ಒಂಬತ್ತು ವರ್ಷವಾಯಿತು. ನಾವಿಬ್ಬರೂ ಒಂದೇ ಕಚೇರಿಯ ಬೇರೆ ಬೇರೆ ವಿಭಾಗದ ಗುಮಾಸ್ತರ ಹಾಗೆ ಇದ್ದೇವೆ. "ಊಟ ಆಯ್ತಾ ಮಾವ?" "ಆಯ್ತು." "ಮಾತ್ರೆ ತಗೊಂಡ್ರಾ?" "ತಗೊಂಡೆ." ಮುಗಿಯಿತು ವ್ಯವಹಾರ.

ಇವತ್ತು ಒಂದು ಕೆಲಸ ಮಾಡಿದೆ. ಅವಳ ಅಣ್ಣನಿಗೆ ಕಾಗದ ಬರೆದೆ. ಬಂದು ತಂಗಿಯನ್ನು ಕರೆದುಕೊಂಡು ಹೋಗಲಿ. ಮೂವತ್ತೊಂದು ವರ್ಷದವಳು, ಮುಂದೆ ಬಾಳಿದೆ. ಇಲ್ಲಿ ಅವಳಿಂದ ಆಗಬೇಕಾದ್ದು ಏನೂ ಇಲ್ಲ ಎಂದೇ ಬರೆದೆ. ನಡುಗುವ ಅಕ್ಷರವಾದರೂ ವಿಷಯ ನೆಟ್ಟಗಿತ್ತು.

ಮಾರ್ಚ್ ೫, ಗುರುವಾರ

ಆಸ್ಪತ್ರೆಗಳಿಗೆ ಉಪಕರಣ ಮಾಡಿಕೊಡುವ ಯಜಮಾನರು ಬಂದಿದ್ದರು. ಮೂಗಿನ ತುದಿಯಲ್ಲಿ ಕನ್ನಡಕ, ಅದರ ಮೇಲಿನಿಂದ ನೋಡುವ ಅಭ್ಯಾಸ. ನಲವತ್ತು ಪುಟ್ಟ ಕನ್ನಡಿ ತಂದರು. ಗಾಜಿನದಲ್ಲ, ಉಕ್ಕಿನದು. ಕೋಟಿನ ಗುಂಡಿಯಷ್ಟು ದೊಡ್ಡವು, ನಿಕ್ಕಲ್ ಹಚ್ಚಿ ನುಣ್ಣಗೆ ಉಜ್ಜಿದವು. ಗಂಟಲು ನೋಡುವ ಡಾಕ್ಟರು ಇವನ್ನು ಉದ್ದ ಹಿಡಿಕೆಗೆ ಸಿಕ್ಕಿಸಿ ಬಾಯೊಳಗೆ ಇಳಿಸುತ್ತಾರೆ. ಬೆಳ್ಳಿ ಹಚ್ಚಿದರೆ ನಾಲ್ಕು ದಿನಕ್ಕೆ ಕಪ್ಪಾಗುತ್ತದೆ. ರೋಡಿಯಂ ಹಚ್ಚಿದರೆ ಉಸಿರು ತಗುಲಿದರೂ, ಕುದಿನೀರಿನಲ್ಲಿ ಹಾಕಿ ತೆಗೆದರೂ ಹಾಗೇ ಇರುತ್ತದೆ.

"ಆಗುತ್ತಾ?" ಎಂದರು, ನನ್ನ ಕೈಯ ಕಡೆ ನೋಡದೆ ನೋಡುತ್ತ.

"ಯಾಕಾಗಲ್ಲ?" ಎಂದೆ. ಜಂಬ ಎಂದರೆ ಇದೇ.

ಅವರು ಹೋದ ಮೇಲೆ ಒಂದು ಕನ್ನಡಿಯನ್ನು ದ್ರಾವಣದಲ್ಲಿ ಇಳಿಬಿಡುವ ತಂತಿಗೆ ಕಟ್ಟಲು ಕೂತೆ. ಕಟ್ಟಿದೆ, ಜಾರಿತು. ಕಟ್ಟಿದೆ, ಜಾರಿತು. ಏಳನೆಯ ಸಲಕ್ಕೆ ತಲೆ ಎತ್ತಿದರೆ ಸೊಸೆ ಬಾಗಿಲಲ್ಲಿ ನಿಂತಿದ್ದಾಳೆ. ಅವಳು ಎಂಟು ತಿಂಗಳಿಂದ ಆ ಹೊಸ್ತಿಲು ದಾಟಿರಲಿಲ್ಲ.

"ನಾನು ಹಿಡ್ಕೊಳ್ಳಲಾ ಮಾವ?"

ಬೇಡ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಹೊಸ್ತಿಲು ದಾಟಿ ಬಂದು ಹಿಡಿದುಕೊಂಡಾಗಿತ್ತು.

ಮಾರ್ಚ್ ೯, ಸೋಮವಾರ

ಸೊಸೆಗೆ ಕೆಲಸ ಕಲಿಸುತ್ತಿದ್ದೇನೆ. ಅಣ್ಣ ಬರುವವರೆಗೆ ಮಾತ್ರ. ಕಾಗದ ತಲುಪಿದೆಯೋ ಇಲ್ಲವೋ, ಉತ್ತರ ಬಂದಿಲ್ಲ.

ಈ ಮೊದಲು ಅವಳು ಔಷಧಿ ಅಂಗಡಿಯಲ್ಲಿದ್ದಳು. ಚೀಟಿ ನೋಡಿ ಪುಡಿ ತೂಗಿ ಕಲಸಿ ಕೊಡುವ ಕೆಲಸ. ಗಂಡ ಹೋದ ಮೇಲೆ ಬಿಟ್ಟಳು. ಆ ಶಿಸ್ತು ಕೈಯಲ್ಲಿ ಉಳಿದಿದೆ. ನಾನು ಹೇಳುವುದು ಒಂದು ಸಲ, ಅವಳು ಕೇಳುವುದೂ ಒಂದೇ ಸಲ. ಮೊದಲು ಸೋಪಿನ ನೀರು, ಆಮೇಲೆ ಕ್ಷಾರ, ಆಮೇಲೆ ತೆಳು ಆಮ್ಲ, ನಡುನಡುವೆ ಶುದ್ಧ ನೀರು, ಆಮೇಲಷ್ಟೇ ಟ್ಯಾಂಕು. ಬೆರಳು ತಾಗಿದರೆ ಮತ್ತೆ ಮೊದಲಿನಿಂದ. ಟ್ಯಾಂಕು ಎಂದರೆ ದೊಡ್ಡದೇನಲ್ಲ, ಒಂದು ಗಾಜಿನ ಪಾತ್ರೆ. ಒಂದು ಬಕೆಟ್ಟೂ ತುಂಬದಷ್ಟು ರೋಡಿಯಂ ದ್ರಾವಣ. ಹದವಾದ ಬಿಸಿ, ಮೂರು ವೋಲ್ಟಿನ ಒಳಗೆ ವಿದ್ಯುತ್ತು, ನಲವತ್ತು ಎಣಿಸುವವರೆಗೆ ಅದ್ದಿ ತೆಗೆದರೆ ಸಾಕು. ಆಸೆಬುರುಕನಂತೆ ಹೆಚ್ಚು ಹೊತ್ತು ಬಿಟ್ಟರೆ ಲೇಪ ದಪ್ಪವಾಗಿ ಬಿರುಕು ಬಿಡುತ್ತದೆ.

"ಇದರ ವಿಶೇಷ ಏನು ಮಾವ, ಇಷ್ಟೊಂದು ನಾಜೂಕು?"

ಹೇಳಿದೆ. ಪ್ಲಾಟಿನಂನ ಬಳಗದ ಲೋಹ, ಪ್ಲಾಟಿನಂಗಿಂತಲೂ ವಿರಳ. ಬಂಗಾರವನ್ನು ಕರಗಿಸುವ ಆಮ್ಲ ಇದರ ಗಟ್ಟಿಯನ್ನು ಮುಟ್ಟಲಾರದು. ತುಕ್ಕಿಲ್ಲ, ಕರೆಯಿಲ್ಲ, ಗೀರು ಬೀಳುವುದಿಲ್ಲ. ಬೆಳಕು ಬಿದ್ದರೆ ಬಿದ್ದಷ್ಟನ್ನೂ ಹೆಚ್ಚುಕಡಿಮೆ ಹಿಂದಕ್ಕೇ ಕೊಟ್ಟುಬಿಡುತ್ತದೆ.

"ಮತ್ತೆ ರೋಡಿಯಂ ಅಂದ್ರೆ ಏನು?"

"ಅಂದ್ರೆ? ಅದರ ಹೆಸರು."

"ಹೆಸರಿಗೆ ಅರ್ಥ ಇರುತ್ತಲ್ಲ."

ನಲವತ್ತು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ. ಎದ್ದು ಕ್ಷಾರದ ನೀರು ಬದಲಾಯಿಸಿದೆ.

ಮಾರ್ಚ್ ೧೦, ಮಂಗಳವಾರ

ಬೆಳಗಿನ ಚಹಾದ ಜೊತೆ ಉತ್ತರವನ್ನೂ ತಂದಿಟ್ಟಳು. ಮಗನ ಕಪಾಟಿನಲ್ಲಿದ್ದ ಹಳೆಯ ರಸಾಯನಶಾಸ್ತ್ರದ ಪುಸ್ತಕದಲ್ಲಿ ಸಿಕ್ಕಿತಂತೆ. ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ವಿಜ್ಞಾನಿ ಪ್ಲಾಟಿನಂ ಅದಿರಿನಲ್ಲಿ ಇದನ್ನು ಕಂಡುಹಿಡಿದನಂತೆ. ಗ್ರೀಕ್ ಭಾಷೆಯಲ್ಲಿ ಗುಲಾಬಿಗೆ ಏನನ್ನುತ್ತಾರೋ ಆ ಮಾತಿನಿಂದ ಹೆಸರಿಟ್ಟನಂತೆ.

"ಗುಲಾಬಿ ಎಲ್ಲಿದೆ ಇದರಲ್ಲಿ?" ಎಂದೆ. ಹಚ್ಚಿದ ಮೇಲೆ ಹಾಲಿನ ಬಿಳುಪು. ಟ್ಯಾಂಕಿನಲ್ಲಿರುವಾಗ ಹಾಲು ಹಾಕದ ಚಹಾದ ಬಣ್ಣ.

"ಅದೇ ನಾನೂ ಯೋಚಿಸ್ತಿದ್ದೆ."

"ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ."

ಸೊಸೆ ನಕ್ಕಳು. ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು, ತಪ್ಪು ಮಾಡಿದವಳ ಹಾಗೆ. ನಾನು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ.

ಮಾರ್ಚ್ ೧೬, ಸೋಮವಾರ

ಇವತ್ತು ಹನ್ನೆರಡು ಕನ್ನಡಿ ಮುಗಿದವು. ಹುಡುಗಿ ಅದ್ದಿದ್ದು, ನಾನು ಎಣಿಸಿದ್ದು. ಒಂದರಲ್ಲೂ ಚುಕ್ಕೆಯಿಲ್ಲ. ನನ್ನ ಮಗ ಮೊದಲ ವರ್ಷ ಹಾಳು ಮಾಡಿದಷ್ಟು ಉಂಗುರ ಇಡೀ ಬೀದಿಯ ಮದುವೆಗಳಿಗೆ ಸಾಕಾಗುತ್ತಿತ್ತು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಅವನ ಮಾತು ನಾವು ಆಡುವುದಿಲ್ಲ.

ಮಾರ್ಚ್ ೨೦, ಶುಕ್ರವಾರ

ಬರೆಯದೆ ಬಿಡಬೇಕೆಂದಿದ್ದೆ. ಆದರೆ ಡಾಕ್ಟರು ಓದುವುದಿಲ್ಲ ಎಂದಿದ್ದಾರಲ್ಲ.

ನಿನ್ನೆ ಸಂಜೆ ಅವಳು ಸಾಮಾನು ತರಲು ಹೋಗಿದ್ದಾಗ ನಾನೊಬ್ಬನೇ ಟ್ಯಾಂಕಿನ ಮುಂದೆ ನಿಂತೆ. ಒಂದು ಕನ್ನಡಿಯನ್ನಾದರೂ ನನ್ನ ಕೈಯಿಂದ ಅದ್ದಿ ನೋಡೋಣ ಎಂಬ ಚಪಲ. ತಂತಿಯನ್ನು ಸರಳಿಗೆ ಕಚ್ಚಿಸುವ ಹಿತ್ತಾಳೆಯ ಕ್ಲಿಪ್ಪು ಬೆರಳಿನಿಂದ ಹಾರಿ ದ್ರಾವಣದೊಳಗೆ ಬಿತ್ತು. ಗಾಜಿನ ಕಡ್ಡಿ ಹಾಕಿ ತಡಕಾಡಿದೆ. ಕೈ ನಡುಗಿದಷ್ಟೂ ಅದು ಜಾರಿತು. ಅಷ್ಟರಲ್ಲಿ ಬೀದಿಬಾಗಿಲು ಸದ್ದಾಯಿತು. ಪಾತ್ರೆಗೆ ಮುಚ್ಚಳ ಹಾಕಿ ಎದ್ದು ಬಂದುಬಿಟ್ಟೆ.

ಇವತ್ತು ಬೆಳಿಗ್ಗೆ ಅವಳು ಏಳುವ ಮೊದಲೇ ಹೋಗಿ ಇಕ್ಕಳದಿಂದ ತೆಗೆದೆ. ಇಲಿ ಕಡಿದ ಬಿಸ್ಕತ್ತಿನ ಹಾಗಾಗಿತ್ತು. ಅರ್ಧ ಹಿತ್ತಾಳೆ ನೀರಿನೊಳಗೆ. ಹಿತ್ತಾಳೆ ಸೇರಿದ ರೋಡಿಯಂ ನೀರು ಕೆಟ್ಟ ಹಾಗೆಯೇ. ಮಗನಿಗೆ ನಾನು ಕಲಿಸಿದ ಮೊದಲ ಪಾಠವೇ ಅದು.

ಕ್ಲಿಪ್ಪನ್ನು ಹಿತ್ತಲಿನ ಕಸದ ಡಬ್ಬಿಗೆ ಎಸೆದೆ. ಹೇಳಲಿಲ್ಲ.

ಮಾರ್ಚ್ ೨೩, ಸೋಮವಾರ

ಹನ್ನೊಂದು ಕನ್ನಡಿ ಅದ್ದಿದಳು. ಎಲ್ಲದರ ಮೇಲೂ ಮಸುಕು, ಹೊಗೆ ಕುಡಿದ ಹಾಗೆ. ವೋಲ್ಟ್ ಇಳಿಸಿದಳು, ಏರಿಸಿದಳು, ತೊಳೆಯುವ ನೀರೆಲ್ಲ ಚೆಲ್ಲಿ ಹೊಸದು ಹಾಕಿದಳು. ಕೈಗವಸಿನ ಒಳಗಿನ ಬೆರಳು ಸುಕ್ಕುಗಟ್ಟುವವರೆಗೆ ತೊಳೆದಳು.

"ಎಲ್ಲಿ ತಪ್ಪುತ್ತಿದ್ದೀನಿ ಮಾವ?"

"ನೋಡೋಣ" ಎಂದೆ. ಇಂಥ ಸುಳ್ಳನ್ನು ನನ್ನ ಬಾಯಿ ಇದುವರೆಗೆ ಹೇಳಿರಲಿಲ್ಲ.

ಮಾರ್ಚ್ ೨೭, ಶುಕ್ರವಾರ

ಉಪಕರಣದ ಯಜಮಾನರು ಬಂದರು. ಒಂದು ಮಸುಕು ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕದ ಮೇಲಿನಿಂದ ನೋಡಿ, ನನ್ನ ಕಡೆ ತಿರುಗಿದರು. ಏನೋ ಕೇಳಲು ಬಾಯಿ ತೆರೆದಿದ್ದರು.

"ನನ್ನಿಂದ ಆಗಿದ್ದು ಸರ್" ಎಂದಳು ಹುಡುಗಿ. "ಕೈ ಹೊಸದು. ತೊಳೆಯೋದ್ರಲ್ಲಿ ಎಲ್ಲೋ ಎಡವಿದ್ದೀನಿ. ಎರಡು ವಾರ ಕೊಡಿ, ಮತ್ತೆ ಮಾಡಿಕೊಡ್ತೀನಿ."

"ನಾನು ಕೊಟ್ಟಿದ್ದು ಇವರ ಕೈಗೆ ಅಮ್ಮ, ಕಲಿಯೋರ ಕೈಗಲ್ಲ" ಎಂದರು ಅವರು. ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು.

ಅವಳು ತಲೆ ತಗ್ಗಿಸಿ ನಿಂತಳು. ನಾನು ಪಕ್ಕದಲ್ಲೇ ಇದ್ದೆ. ಅಂಗಡಿಯಲ್ಲಿ ಬಟ್ಟೆ ತೊಡಿಸಿ ನಿಲ್ಲಿಸುತ್ತಾರಲ್ಲ, ಆ ಗೊಂಬೆಯ ಹಾಗೆ.

ಏಪ್ರಿಲ್ ೧, ಬುಧವಾರ

ಅ ಆ ಇ ಈ ಉ ಊ. ಅಕ್ಷರದ ಗಾತ್ರ ನೋಡಲು ಇಷ್ಟು ಸಾಕು.

ಏಪ್ರಿಲ್ ೪, ಶನಿವಾರ

ಇವತ್ತು ಬರೆಯುವುದಿದೆ.

ನಮಗೆ ರೋಡಿಯಂ ಲವಣ ಮಾಡಿಕೊಡುವ ರಸಾಯನಶಾಲೆ ಬಸ್ಸಿನಲ್ಲಿ ಒಂದೂವರೆ ತಾಸು. ಅದನ್ನು ನಡೆಸುವಾಕೆ ನನ್ನ ಓರಗೆಯವರು, ಬಿಳಿ ಕೋಟು, ಮಾತು ಜಾಸ್ತಿ. ಮಸುಕಿನ ಕಾರಣ ಪರೀಕ್ಷೆ ಮಾಡಿಸಲು ಒಂದು ಸೀಸೆ ದ್ರಾವಣವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಹಳ್ಳ ಹಾರಿದಾಗಲೆಲ್ಲ ಎರಡು ಕೈಯಲ್ಲೂ ಅಪ್ಪಿಕೊಂಡು, ಹುಡುಗಿ ನನ್ನ ಜೊತೆ ಬಂದಳು.

ಆಕೆ ಪರೀಕ್ಷೆ ಮಾಡಿ ಹೊರಗೆ ಬಂದರು. "ತಾಮ್ರ, ಸತು ಎರಡೂ ಇದೆ. ಹಿತ್ತಾಳೆ ಬಿದ್ದಿದೆ ಇದರಲ್ಲಿ. ಯಾರ ಕೆಲಸ?"

ಹುಡುಗಿ ಬಾಯಿ ತೆರೆಯುವುದು ಕಂಡಿತು. ಮತ್ತೆ ತನ್ನ ತಲೆಗೇ ಕಟ್ಟಿಕೊಳ್ಳುತ್ತಾಳೆ ಎಂದು ಗೊತ್ತಾಯಿತು.

"ನಂದು" ಎಂದೆ. "ಕ್ಲಿಪ್ಪು ಬೀಳಿಸಿದೆ. ಮರುದಿನ ತೆಗೆದು ಬಿಸಾಕಿದೆ. ಇವಳಿಗೆ ಹೇಳಲಿಲ್ಲ. ಉಪಕರಣದವರ ಮುಂದೆ ಇವಳು ತಲೆ ತಗ್ಗಿಸಿದಾಗಲೂ ಹೇಳಲಿಲ್ಲ."

ಬಿಳಿ ಕೋಟಿನವರು, "ಚಹಾ ಹೇಳಿ ಬರ್ತೀನಿ" ಎಂದು ಒಳಗೆ ಹೋದರು. ಜಾಣೆ.

"ನನಗೆ ಗೊತ್ತಿತ್ತು ಮಾವ" ಎಂದಳು ಹುಡುಗಿ.

"ಏನು?"

"ಸಂಜೆ ಸಾಮಾನೆಲ್ಲ ಎಣಿಸಿ ಇಡೋದು ನಾನೇ ಅಲ್ವಾ? ಔಷಧಿ ಅಂಗಡಿ ಅಭ್ಯಾಸ. ಹನ್ನೆರಡು ಕ್ಲಿಪ್ಪು ಇದ್ದಿದ್ದು ಹನ್ನೊಂದಾಗಿತ್ತು. ಮೊದಲು ಹೊಳೀಲಿಲ್ಲ. ಸೋಮವಾರ ಮಸುಕು ಬಂದಾಗಲೂ ನನ್ನ ಕೈಯನ್ನೇ ಬೈಕೊಂಡೆ. ಆಮೇಲೆ ಕಸದ ಡಬ್ಬೀಲಿ ಸಿಕ್ತು."

"ಮತ್ತೆ ಯಾಕೆ ಅವರ ಮುಂದೆ ಹಾಗಂದೆ?"

"ಕಲಿಯೋರು ತಪ್ಪು ಮಾಡಿದ್ರೆ ಜನ ನಾಲ್ಕು ದಿನಕ್ಕೆ ಮರೀತಾರೆ. ನಲವತ್ತು ವರ್ಷ ಮಾಡಿದವರ ಕೈ ಹೋಯ್ತು ಅಂತ ಒಂದ್ಸಲ ಅಂದ್ರೆ, ಮುಗೀತು." ಮತ್ತೆ ಹೇಳಿದಳು, "ಆದ್ರೆ ನೀವು ಮನೇಲಾದ್ರೂ ಹೇಳ್ತೀರಿ ಅಂತ ದಿನಾ ಕಾದೆ."

ಇದಕ್ಕಿಂತ ಕೆನ್ನೆಗೆ ಎರಡು ಬಿಗಿದಿದ್ದರೆ ಸುಖವಾಗಿರುತ್ತಿತ್ತು.

ಚಹಾ ಬಂತು. ಹುಡುಗಿ ಬಿಳಿ ಕೋಟಿನವರನ್ನು ಬಿಡಲಿಲ್ಲ. ಗುಲಾಬಿ ಎಲ್ಲಿ ಎಂದು ಕೇಳಿಯೇಬಿಟ್ಟಳು. ಆಕೆ ನಕ್ಕು, ಕಪಾಟಿನಿಂದ ಒಂದು ಪುಟ್ಟ ಬಾಟಲಿ ತೆಗೆದರು. ತಳದಲ್ಲಿ ಗಾಢ ಕೆಂಪು ಪುಡಿ.

"ನಿಮ್ಮ ಟ್ಯಾಂಕಿನದು ಗಂಧಕಾಮ್ಲದ ಲವಣ, ಅದು ಹಳದಿ ಕಡೆಗೆ ಹೋಗುತ್ತೆ. ಇದು ಕ್ಲೋರಿನ್ ಜೊತೆ ಸೇರಿದ ಲವಣ. ಹೆಸರಿಟ್ಟೋನು ನೋಡಿದ್ದು ಇಂಥದ್ದನ್ನ. ಲೋಹ ಕೈಗೆ ಬರೋ ಮೊದಲೇ ಈ ಬಣ್ಣ ಕಂಡಿದ್ದ ಅವನು."

ಚಮಚದ ತುದಿಯಷ್ಟನ್ನು ಗಾಜಿನ ನಳಿಕೆಯ ನೀರಿಗೆ ಉದುರಿಸಿ ಅಲ್ಲಾಡಿಸಿದರು. ನೀರು ಕೆಂಪಾಗಿ, ಇನ್ನಷ್ಟು ನೀರು ಸೇರಿಸಿದ ಹಾಗೆಲ್ಲ ತೆಳುವಾಗಿ, ಕೊನೆಗೆ ನಿಜಕ್ಕೂ ಗುಲಾಬಿ ಎಸಳಿನ ಬಣ್ಣಕ್ಕೆ ಬಂದು ನಿಂತಿತು. ನಲವತ್ತು ವರ್ಷ ಈ ಲೋಹದ ಅನ್ನ ತಿಂದಿದ್ದೇನೆ, ಇವತ್ತು ನೋಡಿದೆ.

ಹುಡುಗಿ ನಳಿಕೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಅವ್ರು ನೋಡಬೇಕಿತ್ತು" ಎಂದಳು.

ಯಾರು ಎಂದು ನಾನು ಕೇಳಲಿಲ್ಲ. "ನೋಡಿದ್ರೆ ಅವನು ಸುಮ್ನಿರ್ತಿದ್ನಾ? ರುಚಿ ಹೇಗಿದೆ ಅಂತ ನಾಲಿಗೆ ಚಾಚ್ತಿದ್ದ" ಎಂದೆ.

ಅವಳು ನಕ್ಕಳು. ನಗುತ್ತಲೇ ಅತ್ತಳು. ಬಸ್ಸಿನಲ್ಲಿ ಬರುವಾಗ ಒಂದೂವರೆ ತಾಸೂ ಅವನದೇ ಮಾತು. ಅವನು ಹಾಳು ಮಾಡಿದ ಉಂಗುರಗಳ ಕಥೆ ನಾನು ಹೇಳಿದೆ. ಮದುವೆಯಾದ ಹೊಸದರಲ್ಲಿ ಅವಳ ಉಂಗುರಕ್ಕೆ ಅವನು ರೋಡಿಯಂ ಹಚ್ಚುತ್ತೇನೆಂದು ಕೊಂಡುಹೋಗಿ, ಎಲ್ಲೋ ಕಳೆದು, ಮೂರು ದಿನ ಹುಡುಕಿದ್ದನ್ನು ಅವಳು ಹೇಳಿದಳು. ನನಗೆ ಗೊತ್ತೇ ಇರಲಿಲ್ಲ, ಕಳ್ಳ!

ಏಪ್ರಿಲ್ ೧೦, ಶುಕ್ರವಾರ

ನಲವತ್ತೂ ಮುಗಿದವು!

ಹಳೆಯ ದ್ರಾವಣವನ್ನು ಶುದ್ಧ ಮಾಡಲು ರಸಾಯನಶಾಲೆಗೆ ಕೊಟ್ಟು, ಹೊಸದು ತಂದೆವು. ಮಸುಕಾದವನ್ನು ಉಜ್ಜಿ, ನಿಕ್ಕಲ್ ಹಚ್ಚಿಸಿ, ಮತ್ತೆ ಮೊದಲಿನಿಂದ ತೊಳೆದು ಅದ್ದಿದಳು. ಈಗ ನಾನು ತೊಳೆಯುವವನು, ಅವಳು ಟ್ಯಾಂಕಿನವಳು. ತೊಳೆಯಲು ನಡುಗುವ ಕೈ ಬಲು ಒಳ್ಳೆಯದು ಎಂದು ಕಂಡುಕೊಂಡೆ. ತಾನೇ ತಾನಾಗಿ ಜಾಲಾಡಿಸುತ್ತದೆ. ಹಾಗೆಂದು ಹೇಳಿದ್ದಕ್ಕೆ, "ಕರೆಂಟ್ ಖರ್ಚಿಲ್ಲದ ಮೆಷಿನ್ನು" ಎಂದಳು. ಮಾವನಿಗೇ ಹೀಗೆ ಹೇಳುವಷ್ಟು ಬಾಯಿ ಬಂದಿದೆ.

ನಿನ್ನೆ ಉಪಕರಣದ ಯಜಮಾನರಿಗೆ ಫೋನು ಮಾಡಿ, ಹಿತ್ತಾಳೆ ಬೀಳಿಸಿದ್ದು ನಾನು ಎಂದೆ. "ನಮ್ಮಪ್ಪನಿಗೂ ಕೈ ಹೀಗೇ ಆಗಿತ್ತು. ಅವರು ಕೊನೇವರೆಗೂ ಒಪ್ಕೊಳ್ಳಲಿಲ್ಲ" ಎಂದರು.

ಕೆಲಸದ ಕೋಣೆಯೊಳಗೆ ಬಿದ್ದ ಮಧ್ಯಾಹ್ನದ ಬಿಸಿಲಿನಲ್ಲಿ ನಲವತ್ತು ಕನ್ನಡಿಯನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಚಾವಣಿಯ ತುಂಬ ನಲವತ್ತು ಬೆಳಕಿನ ಬಿಲ್ಲೆ. ಇಬ್ಬರೂ ಕತ್ತು ನೋಯುವವರೆಗೆ ಮೇಲೆ ನೋಡಿದೆವು. ಈ ಕೋಣೆಗೆ ಇನ್ನೊಂದು ಕಿಟಕಿ ಬೇಕು, ಆಮ್ಲದ ಗಾಳಿ ಹೊರಗೆ ಹೋಗಬೇಕು ಎಂದಳು. ಮಳೆಗಾಲಕ್ಕೆ ಮೊದಲು ಗಾರೆಯವನನ್ನು ಕರೆಸೋಣ ಎಂದೆ. ಎಲ್ಲಿ ಒಡೆಯಬೇಕೆಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದಾಳೆ.

ಏಪ್ರಿಲ್ ೧೨, ಭಾನುವಾರ

ಅಣ್ಣ ಬಂದ.

ನಾವು ಊಟಕ್ಕೆ ಕೂತಿದ್ದೆವು. ಬಾಗಿಲು ತೆರೆದವಳು ಅವಳೇ. "ಅಣ್ಣಾ! ಏನಿದು ಹೇಳದೆ ಕೇಳದೆ!" ಎಂದು ಕುಣಿದಳು. ಅತ್ತಿಗೆಗೆ ಹೆರಿಗೆಯಾಗಿದೆ, ಗಂಡುಮಗು, ಅದಕ್ಕೇ ಇಷ್ಟು ದಿನ ಹೊರಡಲಾಗಲಿಲ್ಲ ಎಂದ. ಒಳ್ಳೆಯ ಮನುಷ್ಯ. ಶೂ ಬಿಚ್ಚುತ್ತಲೇ ನನ್ನ ಕಡೆ ತಿರುಗಿ, "ತಪ್ಪು ತಿಳೀಬೇಡಿ ಮಾವನೋರೇ. ಕಾಗದ ಬಂದ ದಿನಾನೇ ಬರಬೇಕಿತ್ತು" ಎಂದ.

"ಯಾವ ಕಾಗದ?" ಎಂದಳು ಹುಡುಗಿ.

ಅವನು ಜೇಬಿನಿಂದ ತೆಗೆದ. ನಾನು ಆ ಕಾಗದವನ್ನು ಮರೆತೇಬಿಟ್ಟಿದ್ದೆ. ದೇವರಾಣೆಗೂ ಮರೆತಿದ್ದೆ. ಅವಳು ನಿಂತುಕೊಂಡೇ ಓದಿದಳು. ನಡುಗುವ ಅಕ್ಷರವಲ್ಲವೇ, ಬಿಡಿಸಿ ಓದಲು ಹೊತ್ತು ಹಿಡಿಯಿತು.

"'ಇಲ್ಲಿ ಅವಳಿಂದ ಆಗಬೇಕಾದ್ದು ಏನೂ ಇಲ್ಲ'" ಎಂದು ಗಟ್ಟಿಯಾಗಿ ಓದಿ, ಮಡಚಿ, ಅಣ್ಣನಿಗೆ ವಾಪಸು ಕೊಟ್ಟಳು. ನನ್ನ ಕಡೆ ನೋಡಿ, "ನನಗೇ ಹೇಳಬಹುದಿತ್ತು ಮಾವ" ಎಂದಳು. "ಒಂದೇ ಮನೇಲಿದ್ವಲ್ಲ."

"ನಿನ್ನ ಒಳ್ಳೇದಕ್ಕೇ..." ಎಂದೆ. ಅದು ಹಳೆಯ ಕಾಗದ, ಆಗಿನ ನಾನೇ ಬೇರೆ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಅಣ್ಣನ ಮುಂದೆ ನಾಚಿಕೆಯಾಯಿತು. ಬರೆದಿದ್ದನ್ನು ಇಲ್ಲವೆನ್ನುವುದು ಹೇಗೆ ಎನಿಸಿತು. ಹೀಗೆ ಏನೇನೋ.

ಅವಳು ಊಟದ ತಟ್ಟೆ ತೊಳೆದಿಟ್ಟು, ಪೆಟ್ಟಿಗೆ ತುಂಬಿಕೊಂಡಳು. ಕೆಲಸದ ಕೋಣೆಗೆ ಹೋಗಿ ಟ್ಯಾಂಕಿಗೆ ಮುಚ್ಚಳ ಹಾಕಿ, ಸ್ವಿಚ್ಚು ಆರಿಸಿ ಬಂದಳು.

"ಕನ್ನಡಿ ಕೊಡುವಾಗ ಬೆರಳು ತಾಗಿಸಬೇಡಿ. ಬಟ್ಟೇಲಿ ಹಿಡ್ಕೊಂಡು ಕೊಡಿ. ಬರ್ತೀನಿ ಮಾವ."

ಏಪ್ರಿಲ್ ೧೩, ಸೋಮವಾರ

ಹೋದಳು.

ಏಪ್ರಿಲ್ ೧೭, ಶುಕ್ರವಾರ

ಯಜಮಾನರು ಕನ್ನಡಿ ತೆಗೆದುಕೊಂಡು ಹೋದರು. ಬಹಳ ಮೆಚ್ಚಿದರು. ಇನ್ನೂ ಅರವತ್ತು ಮಾಡಿಕೊಡುತ್ತೀರಾ ಎಂದರು.

"ಅವಳನ್ನ ಕೇಳಿ ಹೇಳ್ತೀನಿ" ಎಂದೆ. "ಎಲ್ಲಿ, ಕಾಣ್ತಿಲ್ಲ?" ಎಂದರು. "ಅಣ್ಣನ ಮನೆಗೆ ಹೋಗಿದಾಳೆ. ಮಗು ನೋಡೋಕೆ." ಅರ್ಧ ಸುಳ್ಳು.

ಏಪ್ರಿಲ್ ೨೩, ಗುರುವಾರ

ಡಾಕ್ಟರು ಪುಟ ತಿರುವಿ ನೋಡಿದರು. ಹತ್ತನೇ ತಾರೀಖಿನವರೆಗೆ ಅಕ್ಷರ ದಪ್ಪಗಾಗುತ್ತ ಬಂದಿದೆ, ಆಮೇಲೆ ಇರುವೆ ಸಾಲು, ಯಾಕೆ, ಮಾತ್ರೆ ಬಿಟ್ಟಿರಾ ಎಂದು ಬೈದರು. ಬಿಟ್ಟಿಲ್ಲ ಎಂದೆ.

ಅವಳಿಗೆ ಕಾಗದ ಬರೆಯಲು ಆರು ಸಲ ಕೂತೆ. ಆರನ್ನೂ ಹರಿದೆ. ಇದೆಲ್ಲ ಆಗಿದ್ದೇ ಕಾಗದದಿಂದ. ಎದುರಿಗೆ ಹೇಳುವ ಧೈರ್ಯವಿಲ್ಲದವನು ಅಂಚೆಯವನ ಹೆಗಲೇರುತ್ತಾನೆ.

ಏಪ್ರಿಲ್ ೨೬, ಭಾನುವಾರ

ಅವಳ ಅಣ್ಣನ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಪೆನ್ನು ಅವಳದು. ಇವತ್ತಿನ ಪುಟ ಬಿಟ್ಟುಹೋಗಬಾರದೆಂದು ಅವಳೇ ಕೊಟ್ಟಳು.

ಬೆಳಗಿನ ಬಸ್ಸು ಹಿಡಿದು ಬಂದೆ. ಎರಡು ಬಸ್ಸು ಬದಲಾಯಿಸಿ, ಮೂರು ಕಡೆ ವಿಳಾಸ ಕೇಳಿ, ಎರಡನೆಯ ಮಹಡಿ ಹತ್ತುವ ಹೊತ್ತಿಗೆ ಎದೆ ಕುಲುಮೆಯಾಗಿತ್ತು. ಬಾಗಿಲು ತೆರೆದದ್ದು ನಾನು ನೋಡದ ಒಬ್ಬ ಅಜ್ಜಿ. ಬಾಣಂತಿಯನ್ನು ನೋಡಿಕೊಳ್ಳಲು ಸಂಬಳಕ್ಕೆ ಗೊತ್ತುಮಾಡಿದವರಂತೆ. ಸಂದಿಯಲ್ಲೇ ಮುಖ ತೂರಿ ನನ್ನನ್ನೂ ನನ್ನ ಕೈಯನ್ನೂ ನೋಡಿ, "ಯಾರು ಬೇಕಿತ್ತು?" ಎಂದರು. ಹೇಳಿದೆ. "ನೀವು ಅವಳಿಗೆ ಏನಾಗಬೇಕು?" ಎಂದರು. ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ ಏನೋ ಒಂದು ಹೇಳಿದೆ. ಒಳಗೆ ಬಿಟ್ಟರು.

ಹುಡುಗಿ ಹೆಗಲ ಮೇಲೆ ಮಗುವನ್ನು ಹಾಕಿಕೊಂಡು ಬಂದಳು. ಎರಡು ವಾರಕ್ಕೆ ಸೊರಗಿದ್ದಾಳೆ. ನನ್ನನ್ನು ನೋಡಿದವಳೇ, "ಒಬ್ರೇ ಬಂದ್ರಾ? ಆ ಮೆಟ್ಟಿಲಲ್ಲಿ?" ಎಂದು ಗದರಿ, ನೀರು ತಂದುಕೊಟ್ಟಳು. ಆಮೇಲೆ ದೂರದ ಕುರ್ಚಿಯಲ್ಲಿ ಕೂತಳು.

"ಕರ್ಕೊಂಡು ಹೋಗೋಕೆ ಬಂದ್ರಾ ಮಾವ?"

"ಇಲ್ಲ" ಎಂದೆ. "ಹೇಳಿ ಹೋಗೋಕೆ ಬಂದೆ."

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಹಾರಿಹೋಯಿತು. ಬಾಯಿಗೆ ಬಂದದ್ದು ಇಷ್ಟು. "ಆ ಕಾಗದ ಬರೆದಾಗ ನನಗೆ ನಿನ್ನ ಹೆಜ್ಜೆ ಸದ್ದು ಸಹಿಸೋಕಾಗ್ತಿರಲಿಲ್ಲಮ್ಮ. ನೀನು ನಡೆದು ಬಂದ್ರೆ ಹಿಂದೇನೇ ಅವನೂ ಬರ್ತಾನೆ ಅಂತ ಕತ್ತೆತ್ತಿ ನೋಡ್ತಿದ್ದೆ. ದಿನಕ್ಕೆ ನೂರು ಸಲ. ಅದನ್ನ ನಿನ್ನ ಒಳ್ಳೇದು ಅಂತ ಬರೆದೆ. ನಿನ್ನಿಂದ ಆಗಬೇಕಾದ್ದು ಏನೂ ಇಲ್ಲ ಅಂದಿದ್ದು ಸುಳ್ಳು. ಅದು ಸುಳ್ಳು ಅಂತ ನಿಮ್ಮಣ್ಣನ ಮುಂದೇನೇ ಹೇಳಬೇಕಿತ್ತು, ಹೇಳಲಿಲ್ಲ. ಹಿತ್ತಾಳೆ ವಿಷಯದಲ್ಲಿ ಮಾಡಿದ ತಪ್ಪನ್ನೇ ಮತ್ತೆ ಮಾಡಿದೆ. ನೀನು ಇಲ್ಲಿರು, ಔಷಧಿ ಅಂಗಡಿಗೆ ಹೋಗು, ಇನ್ನೊಂದು ಮದುವೆ ಆಗು, ಯಾವುದಾದ್ರೂ ಸರಿ. ಆದ್ರೆ ಬೇಡದವಳು ಅಂತ ತಿಳ್ಕೊಂಡು ಇರಬೇಡ."

ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಮಗು ಬಿಕ್ಕಳಿಸಿತು. ಹುಡುಗಿ ಅದರ ಬೆನ್ನು ತಟ್ಟಿದಳು. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮಗುವಿನ ಅಂಗಿಗೇ ಒರೆಸಿದಳು.

"ಯಜಮಾನರು ಬಂದಿದ್ರಾ?" ಎಂದಳು.

"ಬಂದಿದ್ರು. ಇನ್ನೂ ಅರವತ್ತು ಇದೆ ಅಂದ್ರು. ನಿನ್ನನ್ನ ಕೇಳಿ ಹೇಳ್ತೀನಿ ಅಂದೆ."

"ನನ್ನನ್ನ ಕೇಳಿ?"

"ಮತ್ತಿನ್ಯಾರನ್ನ ಕೇಳ್ಲಿ? ತೊಳೆಯೋನನ್ನ ಕೇಳಿ ಯಾರಾದ್ರೂ ಕೆಲಸ ಒಪ್ಕೋತಾರಾ?"

ಅವಳು ಅಣ್ಣನ ಕಡೆ ತಿರುಗಿ, "ಮಗೂಗೆ ತಿಂಗಳು ತುಂಬಲಿ, ಆಮೇಲೆ ನನ್ನನ್ನ ಬಿಟ್ಟು ಬರ್ತೀಯಾ?" ಎಂದಳು. ಅವನು ತಲೆಯಾಡಿಸಿದ. ನನ್ನ ಕಡೆ ತಿರುಗಿ ಬೆರಳು ಮಡಚಿ ಎಣಿಸಿದ್ದು ಹೀಗೆ: ಟ್ಯಾಂಕು ಅವಳದು. ತಪ್ಪು ಯಾರದೇ ಆಗಲಿ, ಆದ ದಿನವೇ ಹೇಳಬೇಕು. ಮುಂದೆ ಅವಳು ಬೇರೆ ಕಡೆ ಹೋಗಬೇಕೆನಿಸಿದರೆ ಅವಳೇ ಹೇಳುತ್ತಾಳೆ, ಯಾರೂ ಅವಳ ಪರವಾಗಿ ಯಾರಿಗೂ ಕಾಗದ ಬರೆಯಬಾರದು. ಎಲ್ಲಕ್ಕೂ ಹ್ಞೂಂ ಎಂದೆ. ಇನ್ನೂ ನಾಲ್ಕು ಹೇಳಿದ್ದರೂ ಹ್ಞೂಂ ಎನ್ನುತ್ತಿದ್ದೆ.

ಇವತ್ತು ಇಲ್ಲೇ ಉಳಿಯಬೇಕಂತೆ, ಸಂಜೆಯ ಬಸ್ಸು ಬೇಡವಂತೆ. ಅಣ್ಣ ಹಾಸಿಗೆ ಹಾಕುತ್ತಿದ್ದಾನೆ. ಮಗುವನ್ನು ಒಂದು ಗಳಿಗೆ ನನ್ನ ತೊಡೆಯ ಮೇಲೆ ಮಲಗಿಸಿದ್ದರು. ಕೈಯ ನಡುಕಕ್ಕೆ ತೊಟ್ಟಿಲಿನಲ್ಲಿದ್ದ ಹಾಗೆ ನಿದ್ದೆ ಹೋಯಿತು.

ಈಗಷ್ಟೇ ಅಜ್ಜಿ ಒಲೆಯ ಮುಂದಿನಿಂದ ಕೂಗಿ ಕೇಳಿದರು, "ಏ ಹುಡುಗಿ, ನಿಮ್ಮಪ್ಪನಿಗೆ ಚಹಾಕ್ಕೆ ಸಕ್ಕರೆ ಎಷ್ಟು?"

ಅವಳ ಅಪ್ಪ ತೀರಿಕೊಂಡು ಇಪ್ಪತ್ತೈದು ವರ್ಷವಾಗಿದೆ. ಬಾಗಿಲಲ್ಲಿ ನಾನು ಹಾಗೆ ಹೇಳಿದೆನೇ? ಇರಲಿಕ್ಕಿಲ್ಲ. ಅಜ್ಜಿಗೆ ಕಿವಿ ಮಂದವಿರಬೇಕು.

ಹುಡುಗಿ ಬಟ್ಟೆ ಮಡಚುತ್ತ ನನ್ನ ಎದುರಿಗೇ ಕೂತಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು.

"ಒಂದೇ ಚಮಚ ಅಜ್ಜಿ" ಎಂದಳು. "ಅವರಿಗೆ ಸಿಹಿ ಆಗಲ್ಲ."